ಕಡಲಂಚಿನ ಬಂಡೆಯ ಮೇಲೆ ವಾಲಿದ ಮರಗಳ ಛಾಯಾಗ್ರಹಣ

ಕಡಿದಾದ ಕಡಲಬಂಡೆಯ ಅಂಚಿನಲ್ಲಿ ಒಂದೇ ದಿಕ್ಕಿಗೆ ವಾಲಿ ನಿಂತ ಮರವನ್ನು ಕಂಡಾಗ ಗಾಳಿ ಅದನ್ನು ಬಗ್ಗಿಸಿದೆ ಎಂದೇ ತೋರುತ್ತದೆ. ಆದರೆ ಅನೇಕ ವೇಳೆ ಅದು ಬಾಗಿದ್ದಕ್ಕಿಂತ ಸವರಿಸಿಕೊಂಡದ್ದೇ ಹೆಚ್ಚು: ಗಾಳಿ ಹೊತ್ತು ತರುವ ಉಪ್ಪುನೀರಿನ ತುಂತುರು ಕಡಲ ಕಡೆಯ ಚಿಗುರುಗಳನ್ನು ಒಣಗಿಸುತ್ತದೆ, ಮರೆಯಲ್ಲಿರುವ ಕೊಂಬೆಗಳು ಮಾತ್ರ ಬೆಳೆಯುತ್ತ ಹೋಗುತ್ತವೆ. ಹೀಗಾಗಿ ಎಲೆಯೂ ಅಲುಗದ ದಿನದಲ್ಲಿಯೂ ಮರದ ಆಕಾರದಲ್ಲಿ ಗಾಳಿ ಕಾಣುತ್ತದೆ.

ಈ ಆಕಾರ ಎಲ್ಲ ಕಡೆಯಿಂದಲೂ ಕಾಣುವುದಿಲ್ಲ. ಗಾಳಿ ಬೀಸುವ ದಿಕ್ಕಿನಿಂದ ನೋಡಿದರೆ ವಾಲಿಕೆ ಮರೆಯಾಗಿ ಮರ ಸಾಧಾರಣ ಪೊದೆಯಂತಾಗುತ್ತದೆ. ಆದ್ದರಿಂದ ಗಾಳಿಯ ದಾರಿಗೆ ಅಡ್ಡಲಾಗಿ, ಮರದ ಪಕ್ಕದಲ್ಲಿ ನಿಲ್ಲಬೇಕು. ಕ್ಯಾಮೆರಾವನ್ನು ತಗ್ಗಿನಲ್ಲಿ ಹಿಡಿದರೆ ಕೊಂಬೆಗಳೆಲ್ಲ ಆಕಾಶದ ಎದುರಿಗೆ ಬಂದು, ದಿಗಂತದ ಗೆರೆ ಕಾಂಡವನ್ನಷ್ಟೇ ಹಾಯುತ್ತದೆ. ಆ ಗೆರೆ ಮಟ್ಟವಾಗಿರುವುದು ಇಲ್ಲಿ ಬೇರೆಲ್ಲ ಚಿತ್ರಗಳಿಗಿಂತ ಮುಖ್ಯ, ಏಕೆಂದರೆ ಮರ ಎಷ್ಟು ವಾಲಿದೆ ಎಂಬುದನ್ನು ಅಳೆಯಲು ನೋಡುಗನಿಗೆ ಇರುವ ಆಧಾರ ಅದೊಂದೇ. ಅದು ಓರೆಯಾದರೆ ಮರದ ವಾಲಿಕೆಯ ಮೇಲೂ ಅನುಮಾನ ಹುಟ್ಟುತ್ತದೆ. ಮರ ವಾಲಿದ ಕಡೆಗೆ ಜಾಗ ಬಿಡುವುದು ರೂಢಿ. ನನಗಾದರೋ ಗಾಳಿ ಬರುವ ಕಡೆಗೆ ಬರಿಯ ಕಡಲನ್ನು ಬಿಟ್ಟ ಚೌಕಟ್ಟೇ ಹೆಚ್ಚು ಇಷ್ಟ.

ಎಲೆಗಳು ಸ್ಪಷ್ಟವಾಗಿ ಬೇಕಿದ್ದರೆ ಷಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/500 ಸೆಕೆಂಡಿಗಿಂತ ನಿಧಾನವಾಗಬಾರದು. ಅದಕ್ಕಿಂತ ಸೊಗಸಾದದ್ದು ಕಾಂಡ ನಿಶ್ಚಲವಾಗಿದ್ದು ತುದಿಗಳು ಮಾತ್ರ ತೊನೆಯುವ ಚಿತ್ರ. ಅದಕ್ಕೆ 1/4 ಸೆಕೆಂಡಿನಿಂದ 1 ಸೆಕೆಂಡಿನವರೆಗೆ ಪ್ರಯತ್ನಿಸಿ ನೋಡಬೇಕು. ಹಗಲಿನಲ್ಲಿ ಇದಕ್ಕೆ ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕಾಗುತ್ತದೆ: 6 ಸ್ಟಾಪ್‌ಗಳ (ಒಂದೊಂದು ಸ್ಟಾಪ್ ಬೆಳಕನ್ನು ಅರ್ಧಕ್ಕಿಳಿಸುತ್ತದೆ) ಫಿಲ್ಟರ್ ಹಾಕಿದರೆ 1/60 ಸೆಕೆಂಡಿನ ಎಕ್ಸ್‌ಪೋಶರ್ ಸುಮಾರು 1 ಸೆಕೆಂಡಾಗುತ್ತದೆ. ಇನ್ನೂ ಬಹಳ ಹೊತ್ತು ತೆರೆದಿಟ್ಟರೆ ಎಲೆಗಳು ಮಂಜಾಗಿ ಕರಗಿಹೋಗುತ್ತವೆ.

ಟ್ರೈಪಾಡ್‌ನ ನಡುಗಂಬವನ್ನು ಎತ್ತದೆ, ಕಾಲುಗಳನ್ನು ಅಗಲಿಸಿ ಕೆಳಮಟ್ಟದಲ್ಲಿ ನಿಲ್ಲಿಸಬೇಕು. ಭಾರಕ್ಕೆಂದು ಚೀಲ ತೂಗುಹಾಕುವವರು ಅದರ ತಳ ನೆಲಕ್ಕೆ ತಾಗುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಗಾಳಿಗೆ ಓಲಾಡುವ ಚೀಲವೇ ಕ್ಯಾಮೆರಾವನ್ನು ಅಲುಗಿಸುತ್ತದೆ.

ಬೆಳಕಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಇಳಿಬಿಸಿಲು ಪಕ್ಕದಿಂದ ಬಿದ್ದಾಗ ತೊಗಟೆಯ ಸುಕ್ಕುಗಳು ಎದ್ದು ಕಾಣುತ್ತವೆ. ಸೂರ್ಯ ಮರದ ಹಿಂದಿದ್ದರೆ ಆಕಾಶಕ್ಕೆ ಎಕ್ಸ್‌ಪೋಶರ್ ಹೊಂದಿಸಿ, ಮರವನ್ನು ಕಪ್ಪು ನೆರಳಾಕೃತಿಯಾಗಲು ಬಿಡಬಹುದು.

ತುಂತುರು ಲೆನ್ಸಿನ ಮೇಲೂ ಕೂರುತ್ತದೆ. ಒಣಗಿದ ಉಪ್ಪನ್ನು ಒಣಬಟ್ಟೆಯಿಂದ ಉಜ್ಜಿದರೆ ಗಾಜಿನ ಲೇಪಕ್ಕೆ ಗೀರು ಬೀಳಬಹುದಾದ್ದರಿಂದ, ಮೊದಲು ಸಿಹಿನೀರಿನಲ್ಲಿ ತುಸು ತೇವಗೊಳಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಂಡೆಯ ಅಂಚಿನಡಿಯ ಮಣ್ಣನ್ನು ಅಲೆಗಳು ಕೊರೆದಿರಬಹುದು, ಮೇಲೆ ನಿಂತವರಿಗೆ ಅದು ಕಾಣದು. ಆದಕಾರಣ ಅಂಚಿನಿಂದ ಸಾಕಷ್ಟು ದೂರವಿರಬೇಕು. ಚೌಕಟ್ಟು ಸರಿಪಡಿಸಲು ಒಂದು ಹೆಜ್ಜೆ ಹಿಂದಿಡುವುದಿದ್ದರೂ ಮೊದಲು ಕಣ್ಣನ್ನು ಕ್ಯಾಮೆರಾದಿಂದ ತೆಗೆದು ತಿರುಗಿ ನೋಡಬೇಕು.