ಅನಿಮೇಟರ್ ಆಗಿದ್ದ ಒಡಹುಟ್ಟಿದವರ ಕೆಲಸವನ್ನು ಕಾಪಾಡಿಕೊಳ್ಳುವ ಬಗೆ

ಅನಿಮೇಷನ್ ವೃತ್ತಿಯಲ್ಲಿದ್ದ ಅಣ್ಣನನ್ನೋ ತಂಗಿಯನ್ನೋ ಕಳೆದುಕೊಂಡ ಮನೆಯವರಿಗೆ, ಅವರು ಅಷ್ಟು ವರ್ಷ ಮಾಡಿದ ಕೆಲಸ ಯಾವುದೆಂದು ಬೆರಳಿಟ್ಟು ತೋರಿಸುವುದೇ ಕಷ್ಟವಾಗುತ್ತದೆ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಹೊರದೇಶಗಳ ಧಾರಾವಾಹಿ, ಚಲನಚಿತ್ರಗಳ ಕೆಲಸ ಬಹಳಷ್ಟು ನಡೆಯುವುದರಿಂದ ಒಬ್ಬರ ಪಾಲಿಗೆ ಬರುವುದು ಕೆಲವು ಶಾಟ್‌ಗಳು ಮಾತ್ರ. ಹೆಸರು ಕೊನೆಯ ಪಟ್ಟಿಯಲ್ಲಿ ನೂರಾರು ಹೆಸರುಗಳ ನಡುವೆ ಇರಬಹುದು, ಇಲ್ಲದೆಯೂ ಹೋಗಬಹುದು. ನನ್ನ ಅಣ್ಣನ ಕೆಲಸವನ್ನು ಒಟ್ಟುಗೂಡಿಸಿದ ಅನುಭವದಿಂದ ಹೇಳುವುದಾದರೆ, ಸ್ಮರಣೆಯನ್ನು ಈ ಶಾಟ್‌ಗಳಿಂದಲೇ ಆರಂಭಿಸಬೇಕು.

ಮೊದಲು ಅವರ ಶೋ ರೀಲ್, ಅಂದರೆ ತಮ್ಮ ಆಯ್ದ ಶಾಟ್‌ಗಳನ್ನು ಜೋಡಿಸಿಟ್ಟ ವಿಡಿಯೋ, ಹುಡುಕಿ. ಅದರೊಂದಿಗೆ ಯಾವ ಶಾಟ್‌ನಲ್ಲಿ ತಾವು ಏನು ಮಾಡಿದೆವೆಂಬ ಟಿಪ್ಪಣಿಯೂ ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಸಹೋದ್ಯೋಗಿಗಳ ಜೊತೆ ಕುಳಿತು ಚಿತ್ರಗಳನ್ನು ನೋಡುತ್ತ, ಅವರು ಗುರುತಿಸಿದ ಶಾಟ್‌ನ ಸಮಯವನ್ನು ನಿಮಿಷ, ಸೆಕೆಂಡುಗಳ ಸಹಿತ ಬರೆದಿಡಿ. ಇದನ್ನು ಮುಂದೂಡಬಾರದು, ಏಕೆಂದರೆ ಈ ವೃತ್ತಿಯವರು ಸ್ಟುಡಿಯೋ, ಊರು ಎರಡನ್ನೂ ಬೇಗ ಬದಲಾಯಿಸುತ್ತಾರೆ.

ಅವರ ಫೋನಿನಲ್ಲಿರುವ ರೆಫರೆನ್ಸ್ ವಿಡಿಯೋಗಳನ್ನು ದಯವಿಟ್ಟು ಅಳಿಸಬೇಡಿ. ಪಾತ್ರ ಹೇಗೆ ನಡೆಯಬೇಕು, ಭಾರ ಎತ್ತುವಾಗ ಸೊಂಟ ಎಲ್ಲಿ ಬಾಗಬೇಕು ಎಂಬುದನ್ನು ತಿಳಿಯಲು ಅನಿಮೇಟರ್‌ಗಳು ತಾವೇ ನಟಿಸಿ ಚಿತ್ರೀಕರಿಸಿಕೊಳ್ಳುತ್ತಾರೆ. ಮನೆಯವರಿಗೆ ಅವು ಅರ್ಥವಿಲ್ಲದ ತುಣುಕುಗಳಂತೆ ಕಾಣುತ್ತವೆ. ಆದರೆ ಆ ವಿಡಿಯೋವನ್ನೂ ಮುಗಿದ ಶಾಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಪರದೇಶದ ಯಾವುದೋ ಪಾತ್ರದ ಹೆಗಲಿನಲ್ಲಿ ನಮ್ಮ ಅಣ್ಣನ ಹೆಗಲು ಕಾಣಿಸುತ್ತದೆ. ಯಾವ ಭಾವಚಿತ್ರವೂ ಕೊಡದ ಸಮಾಧಾನ ನನಗೆ ಸಿಕ್ಕಿದ್ದು ಅಲ್ಲಿ. ಸಾಧ್ಯವಾದ ಪ್ರತಿಯೊಂದು ಶಾಟ್‌ಗೂ ಇಂಥ ಜೋಡಿಯನ್ನು ಸಿದ್ಧಪಡಿಸಿ.

ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡುವ ಮುನ್ನ ಇಡೀ ಪ್ರಾಜೆಕ್ಟ್ ಫೋಲ್ಡರನ್ನೇ ನಕಲು ಮಾಡಬೇಕು. ಮಾಯಾ ಅಥವಾ ಬ್ಲೆಂಡರ್‌ನಂಥ ಅನಿಮೇಷನ್ ತಂತ್ರಾಂಶದ ಕಡತವೊಂದನ್ನೇ ಎತ್ತಿಕೊಂಡರೆ, ಬೇರೆ ಫೋಲ್ಡರ್‌ಗಳಲ್ಲಿರುವ ಟೆಕ್ಸ್ಚರ್ (ಮೇಲ್ಮೈಯ ಬಣ್ಣ, ವಿನ್ಯಾಸ), ರಿಗ್‌ಗಳು (ಪಾತ್ರವನ್ನು ಆಡಿಸುವ ಒಳಗಿನ ಅಸ್ಥಿಪಂಜರ) ತಪ್ಪಿಹೋಗಿ ಪಾತ್ರ ಅಪೂರ್ಣವಾಗಿ ತೆರೆದುಕೊಳ್ಳುತ್ತದೆ. ತಂತ್ರಾಂಶದ ಆವೃತ್ತಿಯನ್ನೂ ಬರೆದಿಟ್ಟುಕೊಂಡು, ಪ್ರತಿ ಶಾಟನ್ನು ಸಾಮಾನ್ಯ ಎಂಪಿ4 ವಿಡಿಯೋ ಆಗಿ ಹೊರತೆಗೆಯಿರಿ. ವೆಬ್ ಅನಿಮೇಷನ್‌ಗಳನ್ನು ತೋರಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ 2020ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿತು. ಹಾಗಾಗಿ ಹಳೆಯ ಫ್ಲ್ಯಾಶ್ ಕೆಲಸಗಳನ್ನು ಹೀಗೆ ಹೊರತೆಗೆಯುವುದು ಇನ್ನಷ್ಟು ಅಗತ್ಯ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ.

ಕಾಗದದ ಮೇಲೆ ಬರೆದ ಚಿತ್ರಗಳಿದ್ದರೆ ಅವುಗಳ ಕ್ರಮವನ್ನು ಕದಲಿಸಬೇಡಿ. ಸೆಕೆಂಡಿಗೆ 24 ಫ್ರೇಮ್‌ಗಳಾದರೂ ಒಂದು ಚಿತ್ರವನ್ನು ಎರಡು ಫ್ರೇಮ್‌ಗಳಿಗೆ ಬಳಸುವುದು ರೂಢಿಯಾದ್ದರಿಂದ, ಒಂದು ಸೆಕೆಂಡಿನ ಚಲನೆಗೆ ಸಾಮಾನ್ಯವಾಗಿ 12 ಹಾಳೆಗಳಿರುತ್ತವೆ. ಮೂಲೆಯ ಸಂಖ್ಯೆ ನೋಡಿ ಜೋಡಿಸಿ. ಹಾಳೆಯ ಅಂಚಿನ ರಂಧ್ರಗಳನ್ನು ಒಂದರ ಮೇಲೊಂದು ಕೂಡಿಸಿ ಸ್ಕ್ಯಾನ್ ಮಾಡಿದರೆ ಚಿತ್ರ ಅಲುಗುವುದಿಲ್ಲ. ರಬ್ಬರ್ ಬ್ಯಾಂಡ್, ಸೆಲ್ಲೋಟೇಪ್, ಲ್ಯಾಮಿನೇಷನ್ ಬೇಡ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯ ಕಪಾಟಿನಿಂದ ಅವನ್ನು ದೂರವಿಡಿ.

ಹಕ್ಕಿನ ವಿಷಯದಲ್ಲಿ ಎಚ್ಚರ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೆಲಸದ ಹಕ್ಕು ಉದ್ಯೋಗದಾತರದು. ಮನೆಯಲ್ಲಿ ತಮಗಾಗಿ ಬರೆದ ಚಿತ್ರಗಳ ಹಕ್ಕು ವಾರಸುದಾರರಿಗೆ ಬರುತ್ತದೆ, ಅದು ನಿಧನದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಸ್ಟುಡಿಯೋದ ಶಾಟ್‌ಗಳನ್ನು ಸಾರ್ವಜನಿಕವಾಗಿ ತೋರಿಸಲು ಲಿಖಿತ ಅನುಮತಿ ಕೇಳಿ. ಬಿಡುಗಡೆಯಾಗದ ಕೆಲಸವನ್ನು ಯಾರಿಗೂ ಕಳುಹಿಸಬೇಡಿ.

ವರ್ಷಾಬ್ದಿಕದ ತಿಥಿ ಮನೆಯವರದಾಗಿರಲಿ. ಗೆಳೆಯರನ್ನೂ ಸೇರಿಸಿ ಪ್ರದರ್ಶನ ನಡೆಸುವುದಾದರೆ ಅಂತರರಾಷ್ಟ್ರೀಯ ಅನಿಮೇಷನ್ ದಿನವಾದ ಅಕ್ಟೋಬರ್ 28 ಸೂಕ್ತವೆನಿಸುತ್ತದೆ. 1892ರ ಆ ದಿನ ಪ್ಯಾರಿಸ್‌ನಲ್ಲಿ ಎಮಿಲ್ ರೇನೊ ತಮ್ಮ ಚಲಿಸುವ ಚಿತ್ರಗಳನ್ನು ಸಾರ್ವಜನಿಕರಿಗೆ ಮೊದಲ ಬಾರಿ ತೋರಿಸಿದ್ದರು. ಮನೆಯ ಹಜಾರ ಸಾಲದಿದ್ದರೆ ಬನಶಂಕರಿಯ ಸುಚಿತ್ರದಂಥ ಸಭಾಂಗಣವನ್ನು ವಿಚಾರಿಸಿ. ನಾಲ್ಕು ಸೆಕೆಂಡಿನ ಶಾಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಹೋಗುವುದರಿಂದ, ಮೊದಲು ಬ್ಲಾಕಿಂಗ್ ಹಂತದ ಬಿಡಿ ಭಂಗಿಗಳನ್ನು, ಆಮೇಲೆ ಪೂರ್ತಿ ಚಲನೆಯನ್ನು, ಕೊನೆಗೆ ಬಣ್ಣ, ಬೆಳಕು ಸೇರಿದ ರೂಪವನ್ನು ತೋರಿಸಿ. ಆಗ ವೃತ್ತಿಯ ಪರಿಚಯವಿಲ್ಲದ ಅಮ್ಮನಿಗೂ ಮಗನ ಕೈಚಳಕ ಎಲ್ಲಿದೆಯೆಂದು ತಿಳಿಯುತ್ತದೆ. ಅಂದು ಸಹೋದ್ಯೋಗಿಗಳು ಹೊಸದಾಗಿ ನೆನಪಿಸಿಕೊಳ್ಳುವ ಶಾಟ್‌ಗಳನ್ನು ಅಲ್ಲಿಯೇ ಪಟ್ಟಿಗೆ ಸೇರಿಸಿಕೊಂಡು, ಹೇಳಿದವರ ಹೆಸರನ್ನೂ ಜೊತೆಗೆ ಬರೆದಿಡಿ.