ನೆಲಕ್ಕೆ ಬೀಳುವ ಮೊದಲೇ ಬಾಲನ್ನು ಓದಬೇಕು

ಕೊಡಗಿನ ಗೋಣಿಕೊಪ್ಪಲಿನ ಹತ್ತಿರದ ಶಾಲೆಯೊಂದರಲ್ಲಿ ನಾನು ಪಿ.ಟಿ. ಟೀಚರ್. ನಮ್ಮ ಕಡೆ ಮಕ್ಕಳ ಕೈಗೆ ಮೊದಲು ಬರೋದು ಹಾಕಿ ಸ್ಟಿಕ್. ಹುಡುಗಿಯರ ಸಾಫ್ಟ್‌ಬಾಲ್ ಟೀಮ್ ಕಟ್ಟುವಾಗ, ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯುವ ಕ್ಯಾಚರ್ ಜಾಗಕ್ಕೆ ಹಾಕಿಯ ಗೋಲ್‌ಕೀಪರ್ ಒಬ್ಬಳನ್ನೇ ಆರಿಸಿಕೊಂಡೆ. ಬಾಲಿಗೆ ಹೆದರದ ಹುಡುಗಿ, ಅಷ್ಟು ಸಾಕು ಅಂದುಕೊಂಡಿದ್ದೆ.

ಮೊದಲ ಮ್ಯಾಚಿನಲ್ಲೇ ನಾಲ್ಕು ಬಾಲ್ ಅವಳನ್ನು ದಾಟಿ ಹಿಂದೆ ಹೋದವು. ಇನ್ನೊಂದು ಪುಟಿದು ಕುತ್ತಿಗೆಯ ಬುಡಕ್ಕೆ ಬಡಿದು ಊದಿತು. ತಪ್ಪು ನನ್ನದು. "ಸ್ಪೀಡಿಗೆ ಹೊಂದಿಕೋ, ಗ್ಲೌಸ್ ಬೇಗ ತಾ" ಅಂತಷ್ಟೇ ಹೇಳಿಕೊಟ್ಟಿದ್ದೆ.

"ಮಿಸ್, ಜೋರಾಗಿ ಬರೋದು ಕಷ್ಟ ಅಲ್ಲ. ನೆಲಕ್ಕೆ ಬಿದ್ಮೇಲೆ ಒಂದೊಂದು ಒಂದೊಂದು ಥರ ಹೋಗುತ್ತೆ" ಅಂದಳು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮಲ್ಲಿ ಪಿಚರ್, ಅಂದರೆ ಬಾಲ್ ಎಸೆಯುವವಳು, ನಿಲ್ಲೋದು 40 ಅಡಿ ದೂರದಲ್ಲಿ. ಗಂಟೆಗೆ 70 ಕಿ.ಮೀ. ವೇಗದ ಬಾಲ್ ಅಷ್ಟು ದೂರಕ್ಕೆ ಸುಮಾರು 0.6 ಸೆಕೆಂಡ್ ತಗೊಳ್ಳುತ್ತೆ. ಪಿಚರ್ ಮುಂದೆ ಹೆಜ್ಜೆ ಹಾಕಿ ಬಿಡೋದರಿಂದ ಅದಕ್ಕಿಂತಲೂ ಕಡಿಮೆ. ಪುಟಿದ ಮೇಲೆ ನೋಡಿ ಕೈ ಆಡಿಸೋಕೆ ಎಲ್ಲಿದೆ ಟೈಮು? ಸ್ಪಿನ್ ಗಾಳಿಯಲ್ಲೇ ಗೊತ್ತಾಗಬೇಕು.

ಹಳೇ ಬಾಲಿನ ಸುತ್ತ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದೆ. ಪಕ್ಕದ ತೋಟದವರ ಕಾಫಿ ಕಣ ಮಳೆಗಾಲದಲ್ಲಿ ಖಾಲಿ ಇರುತ್ತೆ, ಮಳೆ ಬಿಟ್ಟಾಗ ಅಲ್ಲಿಗೆ ಹೋದೆವು. ಮಂಡಿಗೆ ಪೆಟ್ಟಾಗದಿರಲಿ ಅಂತ ಗೋಣಿಚೀಲ ಮಡಚಿ ಹಾಸಿದೆ. 20 ಅಡಿಯಿಂದ ಅರ್ಧ ಸ್ಪೀಡಿನಲ್ಲಿ ನಾನೇ ಎಸೆದೆ. ಅವಳಿಗೆ ಸಿಗುವ ಟೈಮ್ ಅಷ್ಟೇ, ಪೆಟ್ಟಿನ ಭಯ ಮಾತ್ರ ಕಡಿಮೆ.

ಡ್ರಾಪ್ ಬಾಲಿನಲ್ಲಿ ಟೇಪು ಗಾಡಿ ಚಕ್ರ ನಮ್ಮ ಕಡೆ ಉರುಳಿದ ಹಾಗೆ ಕಾಣುತ್ತೆ. ಇದು ಬೇಗ ಕೆಳಗಿಳಿಯುತ್ತೆ, ಬಿದ್ದ ಮೇಲೆ ತಗ್ಗಿನಲ್ಲೇ ಮುಂದಕ್ಕೆ ನುಗ್ಗುತ್ತೆ. ಹಾಗಾಗಿ ಮೊದಲು ಗ್ಲೌಸ್ ನೆಲಕ್ಕೆ, ಆಮೇಲೆ ಮಂಡಿ. ರೈಸ್ ಬಾಲಿನಲ್ಲಿ ಚಕ್ರ ಹಿಂದಕ್ಕೆ ತಿರುಗುತ್ತೆ. ಅದು ನಿಜವಾಗಿ ಮೇಲೇರಲ್ಲ, ನಾವು ಅಂದುಕೊಂಡಷ್ಟು ಇಳಿಯಲ್ಲ ಅಷ್ಟೇ. ಗ್ಲೌಸ್ ಕೆಳಗಿಟ್ಟು ಕಾದರೆ ಮಾಸ್ಕಿಗೇ ಬಡಿಯುತ್ತೆ. ಟೇಪು ಓರೆಯಾಗಿ ತಿರುಗಿದರೆ ಕ್ರಿಕೆಟ್ ಸ್ಪಿನ್ನರ್ ಬಾಲಿನ ಹಾಗೆ ಪುಟಿದ ಮೇಲೆ ಪಕ್ಕಕ್ಕೆ ಹೋಗಬಹುದು. ಆಗ ಕೈ ಚಾಚೋದಲ್ಲ, ಇಡೀ ಮೈಯನ್ನೇ ಆ ಕಡೆ ಸರಿಸಬೇಕು.

ಕುತ್ತಿಗೆಗೆ ಬಡಿದದ್ದು ಚೇಂಜ್‌ಅಪ್, ಅಂದರೆ ಬೇಕಂತಲೇ ನಿಧಾನವಾಗಿ ಎಸೆಯುವ ಬಾಲ್. ನಿಧಾನದ ಬಾಲ್ ಮೇಲಿನಿಂದ ಕಡಿದಾಗಿ ಇಳಿಯುತ್ತೆ, ಹಾಗಾಗಿ ಎತ್ತರಕ್ಕೆ ಪುಟಿಯುತ್ತೆ. ಕಾಯಲಾಗದೆ ಅವಳು ತಲೆ ಎತ್ತಿ ಮುಂದೆ ಬಾಗಿದ್ದಳು. ಈಗ ಗದ್ದ ಎದೆಗೆ ಒತ್ತಿ, ಭುಜ ಒಳಗೆ ಮಾಡಿ, ಬಾಲಿಗೆ ಎದೆ ಕೊಡ್ತಾಳೆ. ಚೆಸ್ಟ್ ಗಾರ್ಡಿಗೆ ತಾಗಿದ ಬಾಲ್ ಮುಂದೆಯೇ ಬಿದ್ದರೆ ಸಾಕು, ಬೇಸಿನಲ್ಲಿ ನಿಂತ ರನ್ನರ್ ಮುಂದಿನ ಬೇಸಿಗೆ ಓಡಲ್ಲ. ಹಾಕಿಯಲ್ಲಿ ಬಾಲ್ ನಿಲ್ಲಿಸಿ ಅಭ್ಯಾಸ ಇದ್ದವಳಿಗೆ ಇದು ಎರಡೇ ದಿನಕ್ಕೆ ಬಂತು. ಮಾಸ್ಕಿಗೆ ಕುತ್ತಿಗೆ ಗಾರ್ಡನ್ನೂ ಕಟ್ಟಿಸಿದೆ. ಅದಿಲ್ಲದೆ ಯಾವ ಮಗುವನ್ನೂ ಕೂರಿಸಬೇಡಿ.

ಮಣ್ಣು ಮಾತ್ರ ಅವಳೇ ಕಂಡುಕೊಂಡದ್ದು. ಒದ್ದೆ ಹುಲ್ಲಿನ ಮೇಲೆ ಬಾಲ್ ಜಾರುತ್ತೆ, ಸ್ಪಿನ್ನಿಗೆ ಹಿಡಿತ ಸಿಗಲ್ಲ. ಕೆಸರಲ್ಲಿ ಸುಮ್ನೆ ಕೂತುಬಿಡುತ್ತೆ. ಈಗ ಮ್ಯಾಚ್ ಶುರುವಾಗೋ ಮೊದಲು ಬ್ಯಾಟರ್ ನಿಲ್ಲುವ ಕಡೆಯ ಪ್ಲೇಟಿನ ಮುಂದಿನ ಕೆಂಪು ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಮಿಸ್, ಇವತ್ತು ಬಾಲ್ ಏಳಲ್ಲ" ಅಂತ ನನಗೇ ಹೇಳ್ತಾಳೆ.