ಎರೆ ಭೂಮಿಯಲ್ಲಿ ಗಾಳಿಯಂತ್ರಕ್ಕೆ ದಾರಿ ಕಟ್ಟುವಾಗ

ಗದಗ, ಕೊಪ್ಪಳದ ಎರೆ (ಕಪ್ಪು ಜೇಡಿಮಣ್ಣಿನ) ಹೊಲ ಏಪ್ರಿಲ್‌ನಲ್ಲಿ ತುಂಬಿದ ಟಿಪ್ಪರ್ ಓಡಿದರೂ ಅಚ್ಚು ಮೂಡದಷ್ಟು ಗಟ್ಟಿ. ಅದನ್ನು ನೋಡಿ, ದಾರಿಗೆ ಒಂದಡಿ ಗರಸು (ಗಟ್ಟಿ ಕಲ್ಲುಮಣ್ಣು) ಸುರಿದು ರೋಲರ್ ಹೊಡೆಸಿದರೆ ಸಾಕು ಎನ್ನುವವರು ಎಲ್ಲ ಸೈಟಿನಲ್ಲೂ ಇರುತ್ತಾರೆ. ಅದೇ ಮಣ್ಣನ್ನು ನಾಲ್ಕು ದಿನ ನೀರಲ್ಲಿ ನೆನೆಸಿ ಸಿಬಿಆರ್ (ಮಣ್ಣು ಭಾರ ತಡೆಯುವ ಶಕ್ತಿಯ ಶೇಕಡಾ ಅಂಕಿ) ತೆಗೆದರೆ 2 ಬರುವುದೂ ಕಷ್ಟ. ನಾವು ಲೆಕ್ಕಕ್ಕೆ ಹಿಡಿಯುವುದು ಈ ನೆನೆದ ಅಂಕಿಯನ್ನೇ. ದಾರಿ ಬೇಸಿಗೆಯಲ್ಲಿ ಮುಗಿದರೂ ಗಾಳಿಯಂತ್ರದ ನಾಸೆಲ್ (ಕಂಬದ ತುದಿಯ ಯಂತ್ರದ ಪೆಟ್ಟಿಗೆ), ಬ್ಲೇಡ್ ಬರುವಷ್ಟರಲ್ಲಿ ಹಿಂಗಾರಿ ಮಳೆ ಹಿಡಿದಿರುತ್ತದೆ. ಆಗ ಟ್ರೇಲರಿನ ಒಂದೊಂದು ಆಕ್ಸಲ್ ಮೇಲೆ 12 ಟನ್‌ಗೂ ಹೆಚ್ಚು ಭಾರ.

ಮೊದಲು ಮೇಲಿನ 300 ಮಿ.ಮೀ. ಮಣ್ಣು ತೆಗೆದು ಬೇರೆ ಗುಡ್ಡೆ ಹಾಕಿಸುತ್ತೇವೆ. ಅದು ರೈತನ ಮಣ್ಣು, ಕೆಲಸ ಮುಗಿದ ಮೇಲೆ ಹೊಲಕ್ಕೇ ಹೋಗಬೇಕು. ಮುಂದೆ ಎರಡು ದಾರಿ: ಮಳೆಗೆ ಇನ್ನೂ ಒಂದೆರಡು ತಿಂಗಳಿದ್ದರೆ ಸುಣ್ಣ, ಇಲ್ಲದಿದ್ದರೆ ಬಟ್ಟೆ (ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್ಟೈಲ್) ಮತ್ತು ಗ್ರಿಡ್ (ಪ್ಲಾಸ್ಟಿಕ್ ಬಲೆ). ಎರಡನ್ನೂ ಸೇರಿಸುವುದು ಹಳ್ಳದ ಬದಿಯ ತಗ್ಗಿನಲ್ಲಿ ಮಾತ್ರ.

ಸುಣ್ಣದ ಪ್ರಮಾಣ ಒಣಮಣ್ಣಿನ ತೂಕದ ಶೇ. 3ರಿಂದ 6, ಲ್ಯಾಬಿನಲ್ಲಿ ಸುಣ್ಣ ಬೆರೆತ ಮಣ್ಣಿನ ಪಿಎಚ್ (ಕ್ಷಾರದ ಅಳತೆ) 12.4 ಮುಟ್ಟುವ ಅಂಕಿಯಿಂದ ಶುರು ಮಾಡುತ್ತೇವೆ. ಶೇ. 4 ಎಂದರೆ, 150 ಮಿ.ಮೀ. ಪದರದ ಪ್ರತಿ ಚದರ ಮೀಟರಿಗೆ ಸುಮಾರು 8.4 ಕೆ.ಜಿ., ಅಂದರೆ 25 ಕೆ.ಜಿ. ಚೀಲ ಮೂರು ಚದರ ಮೀಟರಿಗೆ ಒಂದು. ಟ್ರಾಕ್ಟರಿನ ರೋಟವೇಟರ್ 150ಕ್ಕಿಂತ ಆಳ ಕಲೆಸುವುದಿಲ್ಲ, ಹಾಗಾಗಿ 300 ಬೇಕಾದರೆ ಎರಡು ಪದರ. ನೀರು ಚಿಮುಕಿಸಿ ಕಲೆಸಿ ಒಂದು ದಿನ ಬಿಟ್ಟರೆ, ಕೈಗೆ ಅಂಟುತ್ತಿದ್ದ ಹೆಂಟೆ ಹಿಸುಕಿದೊಡನೆ ಪುಡಿಯಾಗುತ್ತದೆ. ಆಗ ಇನ್ನೊಮ್ಮೆ ಕಲೆಸಿ ಉಬ್ಬು ಗೊರಸಿನ ಪ್ಯಾಡ್‌ಫುಟ್ ರೋಲರ್ ಹೊಡೆಸಬೇಕು. ಆ ಒಂದು ದಿನ ಉಳಿಸಲು ಹೋದರೆ ಹೆಂಟೆಯ ಹೊರಗಷ್ಟೇ ಸುಣ್ಣ ತಾಗಿ, ಒಳಗೆ ಹಳೆಯ ಎರೆಯೇ ಉಳಿದು ಮಳೆಗೆ ಉಬ್ಬುತ್ತದೆ. ಚೀಲ ಒಡೆದು ಬಯಲಲ್ಲಿ ಬಹಳ ದಿನ ಬಿಟ್ಟ ಸುಣ್ಣಕ್ಕೆ ಕಸುವಿರುವುದಿಲ್ಲ.

ಬಟ್ಟೆಯ ದಾರಿಯಾದರೆ ಕೆಳಗೆ 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ) ತೂಕದ ನಾನ್‌ವೋವನ್, ಅದರ ಮೇಲೆ ಮೀಟರ್ ಅಗಲಕ್ಕೆ 30 ಕಿಲೋನ್ಯೂಟನ್‌ನ ಎಳೆತ ತಡೆಯುವ ಬೈಆಕ್ಸಿಯಲ್ (ಉದ್ದ, ಅಗಲ ಎರಡೂ ಕಡೆ ಬಲವಿರುವ) ಜಿಯೋಗ್ರಿಡ್, ಮೇಲೆ 300 ಮಿ.ಮೀ. ಅಡಿಪದರದ ಜಲ್ಲಿ, ಅಂದರೆ ಜಿಎಸ್‌ಬಿ. ಗ್ರಿಡ್ ಹಾಕಿ ಬಟ್ಟೆ ಬಿಟ್ಟರೆ ದುಡ್ಡು ಉಳಿಯಿತು ಎಂದುಕೊಳ್ಳಬೇಡಿ. ಗಾಲಿ ಹಾದಂತೆಲ್ಲ ಕೆಸರು ಗ್ರಿಡ್ಡಿನ ಕಣ್ಣಿನೊಳಗಿಂದ ಮೇಲಕ್ಕೆ ಉಕ್ಕಿ ಬಂದು ಜಲ್ಲಿಯ ಸಂದಿ ತುಂಬುತ್ತದೆ. 300 ಹಾಕಿದ್ದರೂ ಭಾರ ಹೊರುವುದು ಅರ್ಧವೇ. ಜಲ್ಲಿ 53 ಮಿ.ಮೀ. ಒಳಗಿರಲಿ, 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಧೂಳು ಶೇ. 5 ದಾಟದಿರಲಿ. ಕ್ರಷರಿನವರು ಧೂಳು ಸೇರಿಸಿ ಕಳಿಸುವುದು ಮಾಮೂಲು, ಲೋಡು ಇಳಿಸುವ ಮೊದಲೇ ನೋಡಬೇಕು. ಐದು ಮೀಟರ್ ಅಗಲದ ನೂರು ಮೀಟರ್ ದಾರಿಗೆ ಅಡಕವಾದ ಮೇಲೆ 150 ಘನ ಮೀಟರ್, ಸಡಿಲವಾಗಿ ಸುಮಾರು 190 ಬೇಕು.

ರೋಲ್‌ಗಳನ್ನು ದಾರಿಯ ಉದ್ದಕ್ಕೆ ಬಿಚ್ಚಿ, ಸುಕ್ಕಿಲ್ಲದಂತೆ ಎಳೆದು, ಕಬ್ಬಿಣದ ಯು-ಮೊಳೆ ಹೊಡೆಯುತ್ತೇವೆ. ಮೆತ್ತನೆ ಜಾಗದಲ್ಲಿ ಒಂದು ರೋಲಿನ ಅಂಚು ಇನ್ನೊಂದರ ಮೇಲೆ 600 ಮಿ.ಮೀ. ಬೀಳಬೇಕು. ಬರಿ ಗ್ರಿಡ್ ಮೇಲೆ ಯಾವ ಗಾಡಿಯೂ ಹತ್ತಕೂಡದು. ಟಿಪ್ಪರ್ ಈಗಾಗಲೇ ಹರಡಿದ ಜಲ್ಲಿಯ ಮೇಲೆ ನಿಂತು ಸುರಿಯಲಿ, ಡೋಜರ್ ಅದನ್ನು ಮುಂದಕ್ಕೆ ತಳ್ಳಲಿ. ಮೊದಲ 150ರ ಪದರಕ್ಕೆ ರೋಲರಿನ ವೈಬ್ರೇಷನ್ ಬಂದ್. ಅದರುವಿಕೆಗೆ ಕೆಳಗಿನ ನೀರು ಮೇಲೇಳುತ್ತದೆ.

ಇಷ್ಟೆಲ್ಲ ಮಾಡಿ ದಾರಿಯ ಬದಿಯ ಕಾಲುವೆ ಮರೆತರೆ ದಾರಿ ಅಂಚಿನಿಂದ ಹಾಳಾಗಲು ಶುರುವಾಗುತ್ತದೆ. ಮೇಲ್ಮೈಗೆ ಶೇ. 4 ಇಳಿಜಾರು ಕೊಟ್ಟು, ಕಾಲುವೆಯ ತಳವನ್ನು ಜಲ್ಲಿಯ ತಳಕ್ಕಿಂತ 300 ಮಿ.ಮೀ. ಕೆಳಗೆ ತೋಡಿಸಿ. ಹೊಲದ ಒಡ್ಡು ಕಡಿದ ಕಡೆ 600 ಮಿ.ಮೀ. ಹ್ಯೂಮ್ (ಕಾಂಕ್ರೀಟ್) ಪೈಪು ಬೇಕೇ ಬೇಕು. ಇಲ್ಲದಿದ್ದರೆ ನೀರು ದಾರಿಗೆ ಒತ್ತಿ ನಿಂತುಬಿಡುತ್ತದೆ, ರೈತನ ಜಗಳ ಬೇರೆ.

ಟ್ರೇಲರ್ ಬಿಡುವ ಮೊದಲು ತುಂಬಿದ ಹತ್ತು ಗಾಲಿ ಟಿಪ್ಪರನ್ನು ನಡಿಗೆಯ ವೇಗದಲ್ಲಿ ಓಡಿಸಿ, ಪಕ್ಕದಲ್ಲೇ ನಡೆಯುತ್ತ ಗಾಲಿಯ ಕೆಳಗೆ ನೋಡುತ್ತೇವೆ. 25 ಮಿ.ಮೀ.ಗಿಂತ ಆಳ ಅಚ್ಚು ಬಿದ್ದರೆ, ಅಥವಾ ಗಾಲಿಯ ಮುಂದೆ ನೆಲ ಅಲೆಯಂತೆ ಎದ್ದರೆ, ಅಷ್ಟು ಭಾಗ ಅಗೆಯಲೇಬೇಕು. ಮೇಲಿಂದ ಜಲ್ಲಿ ಸುರಿದು ಮುಚ್ಚಿದರೆ ಏನೂ ಆಗದು: ಕೆಳಗೆ ಎರೆಯಲ್ಲೂ ಅದೇ ತಗ್ಗು ಬಿದ್ದಿರುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಮೊದಲು ಕಾಲುವೆಯ ತನಕ ಅಡ್ಡ ಸೀಳು ತೋಡಿ ಆ ನೀರು ಹೊರಬಿಡಿ, ಬಟ್ಟೆ ಕಾಣುವವರೆಗೆ ತೆಗೆದು ಹರಿದಿದ್ದರೆ ತೇಪೆ ಹಾಕಿ, ಆಮೇಲೆ ತುಂಬಿಸಿ.